ಅಂಜಿದ ರಕ್ತ

ಕಾರಹುಣ್ಣಿಮೆ ಆಗಿ ವಾರ ಕಳೆದಿತ್ತು. ಮುಂಗಾರು ಎರಡು ಸಲ ಮುಖ ತೋರಿಸಿ ಹಿಂದಕ್ಕೆ ಸರಿದಿತ್ತು. ಮುಂಜಾನೆ ಮಗ್ಗಗಳು ಚಾಲೂ ಆಗುವ ಹೊತ್ತು. ನಲ್ಲಿಗೆ ಇನ್ನೂ ನೀರು ಬಂದಿರಲಿಲ್ಲ. ಆವಾಗ ನನ್ನ ಮೊಮ್ಮಗಳು ಸುಗಂಧಾಳ ಮಣಿಕಟ್ಟಿನ ಪಟ್ಟಿ ಗುಂಯ್ ಅಂದಿತು. ಆಸ್ಪತ್ರೆಯ ಕರೆ. ರಕ್ತ ಕೊಡಲು ಬರಬೇಕು, ಹೊಟ್ಟೆ ತುಂಬ ಉಂಡು ಬರಬೇಕು, ಜೊತೆಗೆ ಇಬ್ಬರಿಗಿಂತ ಹೆಚ್ಚು ಜನ ಬೇಡ ಎಂದು ಪಟ್ಟಿ ಹೆಣ್ಣುದನಿಯಲ್ಲಿ ಹೇಳಿತು. ಎಲ್ಲ ಸುರುವಾದದ್ದು ಅಲ್ಲಿಂದ.

ರಕ್ತ ಬೇರೆ ಯಾರಿಗೋ ಕೊಡುವುದಲ್ಲ, ಅವಳದು ಅವಳಿಗೇ. ಸುಗಂಧಾಗೆ ಹದಿನಾರು ವರ್ಷ. ಎರಡು ವರ್ಷದ ಹಿಂದೆ ಅವಳ ತಾಯಿ, ಅಂದರೆ ನನ್ನ ಸೊಸೆ ಕಸ್ತೂರಿ, ಜಂಪರಿನ ಅಳತೆ ತೆಗೆಯುವಾಗ ಒಂದು ಭುಜ ಮೇಲೆ, ಒಂದು ಭುಜ ಕೆಳಗೆ ಇರುವುದು ಕಣ್ಣಿಗೆ ಬಿತ್ತು. ಬೆಳೆಯುವ ಮೈ, ಸರಿಹೋಗುತ್ತದೆ ಎಂದುಕೊಂಡೆವು. ಸರಿಹೋಗಲಿಲ್ಲ. ಬೆನ್ನೆಲುಬು ಹಾವು ಹರಿದ ಹಾಗೆ ಬಾಗುತ್ತ ಬಂತು. ದೊಡ್ಡಾಸ್ಪತ್ರೆಯ ಡಾಕ್ಟರ್ ಹೊಸಮನಿಯವರು ಚಿತ್ರ ತೆಗೆದು ತೋರಿಸಿದರು. ಬಾಗಿದ ಎಲುಬು ಒಂದು ಪುಪ್ಪುಸವನ್ನು ಒತ್ತತೊಡಗಿದೆ, ಬೆನ್ನು ಸೀಳಿ ಎರಡು ಸಲಾಕೆ ಕೂಡಿಸಿ ನೆಟ್ಟಗೆ ಮಾಡಬೇಕು, ದಸರೆಯ ಒಳಗೆ ಆದರೆ ಒಳ್ಳೆಯದು, ಇನ್ನೊಂದು ವರ್ಷ ಬಿಟ್ಟರೆ ಎಲುಬೂ ಗಟ್ಟಿಯಾಗುತ್ತದೆ, ಉಸಿರೂ ಹೋಗುತ್ತದೆ ಎಂದರು. ಕೊಯ್ಯುವಾಗ ಬಹಳ ರಕ್ತ ಹರಿಯುತ್ತದೆ. ಆ ರಕ್ತ ಮೊದಲೇ ತಯಾರಿರಬೇಕು.

ಈಗಿನ ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹಿಂದೆ ಹೀಗಿರಲಿಲ್ಲ. ಸುಗಂಧಾ ತೊಡೆಯ ಮೇಲಿನ ಕೂಸಾಗಿದ್ದಾಗ, ರಕ್ತದಲ್ಲಿ ಅಡಗಿ ಕೂಡುವ ಒಂದು ಜಡ್ಡು ಬಂತು. ಯಾವ ಪರೀಕ್ಷೆಗೂ ಸಿಗದ ಜಡ್ಡು. ಇನ್ನೊಬ್ಬರ ರಕ್ತ ಹಾಕಿಸಿಕೊಂಡವರು ಎದ್ದು ಮನೆಗೆ ಬಂದು, ತಿಂಗಳೊಪ್ಪತ್ತಿನಲ್ಲಿ ಮಲಗಿಬಿಡುತ್ತಿದ್ದರು. ಆಗ ಸರಕಾರ ಒಬ್ಬರ ರಕ್ತ ಇನ್ನೊಬ್ಬರಿಗೆ ಹಾಕುವುದನ್ನೇ ಬಂದ್ ಮಾಡಿತು. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಅದರ ಹಿಂದೆ ಬಂದದ್ದು ಯಂತ್ರ. ಅದಕ್ಕೆ ಜನ ತೊಟ್ಟಿಲು ಅಂತ ಹೆಸರಿಟ್ಟರು, ಯಾಕೆಂದರೆ ಅದು ಹಗಲೂರಾತ್ರಿ ಮೆಲ್ಲಗೆ ತೂಗುತ್ತಿರುತ್ತದೆ. ನಮ್ಮದೇ ಒಂದು ಚೀಲ ರಕ್ತ ಅದರಲ್ಲಿ ಬಿಟ್ಟರೆ, ರುಬ್ಬಿದ ಹಿಟ್ಟು ಉಬ್ಬಿ ಪಾತ್ರೆ ತುಂಬುವಂತೆ, ಮೂರು ವಾರದಲ್ಲಿ ನಾಲ್ಕು ಚೀಲ ಆಗುತ್ತದೆ. ಅದು ಬಂದಾಗ ನಾವೂ ಖುಷಿಪಟ್ಟೆವು.

ಅದಕ್ಕೊಂದು ಪಥ್ಯ ಇದೆ. ಮನುಷ್ಯ ಅಂಜಿದಾಗ ಮೈಯೊಳಗೆ ಒಂದು ರಸ ಹುಟ್ಟಿ ರಕ್ತಕ್ಕೆ ಸೇರುತ್ತದಂತೆ. ತೊಟ್ಟಿಲಲ್ಲಿ ಬೆಳೆಯುವ ಕಣಗಳಿಗೆ ಆ ರಸ ತಾಗಿದರೆ ಅವು ಅವಸರಬಿದ್ದು ಅಡ್ಡಾದಿಡ್ಡಿ ಬೆಳೆದು ಗಂಟುಗಟ್ಟುತ್ತವಂತೆ. ಆಮೇಲೆ ಎಲ್ಲ ಚೆಲ್ಲಬೇಕು. ಅದಕ್ಕೇ ಮೊದಲು ಒಂದು ಹನಿ ತೆಗೆದು ನೋಡುತ್ತಾರೆ. ಹಸಿರು ದೀಪ ಹತ್ತಿದರೆ ಚೀಲ ಹಚ್ಚುತ್ತಾರೆ. ಹಳದಿ ಹತ್ತಿದರೆ ವಾಪಸು. ಒಬ್ಬರಿಗೆ ಮೂರು ಸಲ ಅವಕಾಶ. ಮೂರೂ ಹಳದಿಯಾದರೆ ಹೆಸರು ಪಾಳಿಯ ಕೊನೆಗೆ ಹೋಗುತ್ತದೆ, ಮತ್ತೆ ಬರುವುದು ವರ್ಷಕ್ಕೆ.

ಮೊದಲ ಸಲ ಕಸ್ತೂರಿ ಮತ್ತು ನಾನು ಹೋದೆವು. ಮಗ ಅಂದಾನಪ್ಪ ಮನೆಯ ಮಗ್ಗಗಳಿಗೆ ನಿಂತ. ಯಂತ್ರದ ಕೋಣೆಯ ಹೊರಗೆ ಬಾಕಿನ ಮೇಲೆ ನಮ್ಮಂಥವರೇ ಇನ್ನೊಂದು ಜೋಡಿ ಕೂತಿತ್ತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಬೀರಪ್ಪ, ಕುರಿ ಕಾಯುವವನು. ಅವನ ಮಗ್ಗುಲಿಗೆ ಮಗಳು ಮಾಳವ್ವ. ಹದಿನೈದರ ಹುಡುಗಿ, ತುಟಿ ನೀಲಿ. ಹುಟ್ಟಿದಾಗಿನಿಂದ ಗುಂಡಿಗೆಯಲ್ಲಿ ತೂತು ಎಂದು ಬೀರಪ್ಪ ಹೇಳಿದ. ಅವಳಿಗೂ ಮೊದಲ ಪಾಳಿ. ಹುಡುಗಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಆ ಕೋಣೆಗೆ ಒಂದರ ಹಿಂದೆ ಒಂದು ಎರಡು ಬಾಗಿಲು. ಗೋಡೆಗೆಲ್ಲ ದಪ್ಪ ಮೆತ್ತೆ, ನೆಲಕ್ಕೂ ಮೆತ್ತೆ. ಒಳಗೆ ಹೋದರೆ ಫ್ಯಾನಿನ ಸದ್ದೂ ಇಲ್ಲ, ಕೆಮ್ಮಿದರೆ ಕೆಮ್ಮು ಬಾಯಿಂದ ಹೊರಗೆ ಹೋಗಲಿಲ್ಲವೇನೋ ಅನ್ನಿಸುತ್ತಿತ್ತು. ಜನರ ಮನಸ್ಸು ಶಾಂತವಾಗಲಿ ಅಂತ ಹಾಗೆ ಕಟ್ಟಿದ್ದಾರೆ ಎಂದು ಯಂತ್ರ ನೋಡಿಕೊಳ್ಳುವ ಶಬಾನಾ ಹೇಳಿದಳು. ಒಳ್ಳೆಯ ಹುಡುಗಿ. ಸುಗಂಧಾಳ ಹೆಗಲು ಮುಟ್ಟಿ ಮಲಗಿಸಿ, ಬೆರಳಿಗೆ ಚುಚ್ಚಿ ಹನಿ ತೆಗೆದಳು. ಸುಗಂಧಾ ಕಣ್ಣು ಮಿಟುಕಿಸಲಿಲ್ಲ. ಗೋಡೆಯ ಮೇಲೆ ಹಳದಿ ಹತ್ತಿತು. ಕೆಳಗೆ ಅಕ್ಷರ ಮೂಡಿದವು. ಇಯತ್ತೆ ಮೂರಕ್ಕೆ ಶಾಲೆ ಬಿಟ್ಟ ನಾನೂ ಕೂಡಿಸಿ ಓದಿದೆ: ದಾನಿ ಸಿದ್ಧರಿಲ್ಲ.

ಆಮೇಲೆ ಒಬ್ಬ ಸಮಾಲೋಚಕ ಬಂದ. ಮೀಸೆ ಈಗ ಮೂಡುತ್ತಿದ್ದ ಹುಡುಗ. ಕಸ್ತೂರಿಯನ್ನು ಬೇರೆ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು, ಮನೆಯಲ್ಲಿ ಜಗಳ ಆಗುತ್ತದೆಯೇ, ಅಪ್ಪ ಕುಡಿಯುತ್ತಾನೆಯೇ, ಹುಡುಗಿಯನ್ನು ಹೊಡೆಯುತ್ತೀರಾ, ಮದುವೆ ಮಾಡಲು ಹೊರಟಿದ್ದೀರಾ ಎಂದೆಲ್ಲ ಕೇಳಿದನಂತೆ. ಬಸ್ಸಿನಲ್ಲಿ ಬರುವಾಗ ಕಸ್ತೂರಿ ಕಿಡಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ, "ಮಾವಾರ, ನಾವು ಮಗಳನ್ನ ಹೊಡಿತೀವಿ ಅಂತ ಆ ದೀಪ ಹೇಳಿತೇನ್ರೀ?" ಎಂದಳು.

ಅವಳನ್ನು ತಯಾರು ಮಾಡಿರಿ ಎಂದು ಹೇಳಿ ಕಳಿಸಿದ್ದರು. ಪಾಲಕ, ಬೆಲ್ಲ, ನುಗ್ಗೆಸೊಪ್ಪು ತಿನ್ನಿಸಿದೆವು. ಅದರಿಂದ ರಕ್ತ ಬಲಿಯಿತು, ಪಟ್ಟಿ ಅದಕ್ಕೆ ಶಾಬಾಸ್ ಅಂದಿತು. ಅಂಜಿಕೆಗೆ ಮದ್ದು ಬೇರೆ. ದಿನಾ ಮೂರು ಹೊತ್ತು ಕಣ್ಣು ಮುಚ್ಚಿ ಕೂತು ಉಸಿರು ಎಣಿಸಬೇಕು. ಪಟ್ಟಿ ಹೊತ್ತುಹೊತ್ತಿಗೆ ಅವಳ ನಾಡಿ ಹಿಡಿದು, ನೀವು ಇನ್ನೂ ಸಿದ್ಧರಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ ಎಂದು ಹೇಳುತ್ತಿತ್ತು. ಉಣ್ಣುವಾಗ ಹೇಳುತ್ತಿತ್ತು, ತಲೆ ಬಾಚುವಾಗ ಹೇಳುತ್ತಿತ್ತು. ಕಾಲೇಜಿನಲ್ಲಿ ಒಮ್ಮೆ ಪಾಠದ ನಡುವೆ ಹೇಳಿತಂತೆ. ಅವತ್ತಿನಿಂದ ಹುಡುಗರು ಅವಳನ್ನು ಹಳದಿ ಸುಗಂಧಾ ಅಂತ ಕರೆದರು.

ಇಲ್ಲಿ ನನಗೆ ಸಿಟ್ಟು ಬಂದದ್ದು, ಇನ್ನೂ ಇಳಿದಿಲ್ಲ. ಈ ಹುಡುಗಿ ಅಂಜುಬುರುಕಿಯಲ್ಲ. ಹಿಂದಿನ ವರ್ಷ ಅಂದಾನಪ್ಪನ ಹೆಬ್ಬೆರಳು ಮಗ್ಗದ ತಿರುಗುವ ಪಟ್ಟಾಕ್ಕೆ ಸಿಕ್ಕಾಗ ನಾವು ದೊಡ್ಡವರೆಲ್ಲ ಬಾಯಿ ಬಡಿದುಕೊಳ್ಳುತ್ತ ನಿಂತಿದ್ದೆವು. ಕರೆಂಟು ತೆಗೆದವಳು ಅವಳು, ಒದ್ದೆ ಅರಿವೆ ಸುತ್ತಿ ಅಪ್ಪನನ್ನು ಆಟೋದಲ್ಲಿ ಕೂಡಿಸಿಕೊಂಡು ಹೋದವಳು ಅವಳು. ಹೊಲಿಗೆ ಹಾಕುವಾಗ ಅವನ ಕೈ ಹಿಡಿದು ಕೂತು, ಅಪ್ಪನಿಗೆ ಕಥೆ ಹೇಳಿದವಳು. ಆ ಹುಡುಗಿ ಎರಡು ತಿಂಗಳಲ್ಲಿ ಕನ್ನಡಿ ನೋಡುವುದು ಬಿಟ್ಟಳು. "ನಾ ಖರೇನ ಅಂಜುಬುರುಕಿ ಇರಬೇಕ್ ಮುತ್ಯಾ. ನನಗ ತಿಳೀವಲ್ದು, ರಕ್ತಕ್ಕ ತಿಳಿತೈತಿ," ಎಂದಳು ಒಂದು ದಿನ. ತನ್ನ ಮಾತಿಗಿಂತ ಗೋಡೆಯ ದೀಪವನ್ನು ಹೆಚ್ಚು ನಂಬುವಂತೆ ಒಂದು ಮಗುವನ್ನು ಮಾಡಿಟ್ಟರಲ್ಲ, ಅದನ್ನು ಯಾವ ತೊಟ್ಟಿಲು ತೂಗಿ ಸರಿಮಾಡುತ್ತದೆ?

ಅಂಜದ ರಕ್ತ ಯಾರದಿರುತ್ತದೆ? ಅಂದಾನಪ್ಪ ಹುಟ್ಟುವಾಗ ನನ್ನ ಹೆಂಡತಿಗೆ ರಕ್ತ ನಿಲ್ಲಲಿಲ್ಲ. ಪಕ್ಕದ ಮನೆಯ ಸಂಗಪ್ಪ ಮಗ್ಗದಿಂದ ಎದ್ದು, ಮೈಮೇಲಿನ ನೂಲು ಝಾಡಿಸಿಕೊಂಡು ನನ್ನ ಜೊತೆ ಬಂದ. ಸೂಜಿ ಕಂಡರೆ ಅವನಿಗೆ ಜೀವ ಹೋಗುತ್ತಿತ್ತು. ಮಂಚದ ಮೇಲೆ ಮಲಗಿದವನು ನಡುಗಿ ನಡುಗಿ ಮಂಚವೇ ಸದ್ದು ಮಾಡುತ್ತಿತ್ತು. ಬನ್ನಪ್ಪಾ, ನನ್ನ ಮುಖದ ಮ್ಯಾಲೆ ಅರಿವಿ ಹಾಕು, ನೋಡೂದಿಲ್ಲ ನಾನು ಅಂದ. ನನ್ನ ಧೋತರದ ಸೆರಗನ್ನೇ ಹಾಕಿದೆ. ಆ ಪರಿ ಅಂಜಿದ ರಕ್ತ ನನ್ನ ಹೆಂಡತಿಯ ಮೈಗೆ ಹೋಗಿ ಅವಳನ್ನು ಇನ್ನೂ ಮೂವತ್ತೊಂದು ವರ್ಷ ಬದುಕಿಸಿತು. ತೊಟ್ಟಿಲ ಮಾತು ಬೇರೆ, ಒಪ್ಪುತ್ತೇನೆ. ಆದರೆ ಆ ಕಾಲದಲ್ಲಿ ರಕ್ತ ಕೊಡಲು ಬಂದವನಿಗೆ ನೀನು ಸಿದ್ಧನಿಲ್ಲ ಎಂದು ಯಾರೂ ಹೇಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ನಾಗರಪಂಚಮಿ ಮುಗಿದ ಮೇಲೆ ಎರಡನೇ ಪಾಳಿ ಎಂದು ಪಟ್ಟಿ ಹೇಳಿತು. ಮನೆಯ ವಾತಾವರಣ ಶಾಂತ ಇರಲಿ ಎಂದೂ ಹೇಳಿತು. ಅದನ್ನು ಸಂಗಪ್ಪನ ಮಗ ಹುಚ್ಚಪ್ಪ ಕೇಳಿಸಿಕೊಂಡ. ನಮ್ಮ ಓಣಿಯಲ್ಲಿ ಮೂವತ್ತು ಮನೆ, ಮನೆಗೆ ಎರಡೋ ನಾಲ್ಕೋ ಪಾವರ್‌ಲೂಮು. ಬೆಳಗಿನಿಂದ ರಾತ್ರಿ ಊಟದ ಹೊತ್ತಿನವರೆಗೆ ಖಟಕ್ ಪಟಕ್ ನಿಲ್ಲುವುದಿಲ್ಲ. ಹೊಸಬರು ಬಂದರೆ ತಲೆ ಹಿಡಿದುಕೊಂಡು ಓಡುತ್ತಾರೆ. ಹುಚ್ಚಪ್ಪ ಓಣಿಯವರನ್ನೆಲ್ಲ ಕಟ್ಟೆಗೆ ಕರೆದು, ಈ ಸದ್ದಿನಾಗ ಆ ಕೂಸಿಗೆ ಶಾಂತಿ ಎಲ್ಲಿಂದ ಬರಬೇಕು, ಎಂಟು ದಿನ ಮಗ್ಗ ಬಂದ್ ಮಾಡೂಣು ಎಂದ. ಕೂಲಿಯ ಮೇಲೆ ಬದುಕುವ ಜನ. ಯಾರೋ ಒಬ್ಬರು ಗೊಣಗಿದರು. ಅದಕ್ಕೆ ಹುಚ್ಚಪ್ಪ, "ನಾವು ಎಂಟು ದಿನ ಸೀರಿ ನೇಯಲಿಲ್ಲಂದ್ರ ದೇಶದ ಹೆಣ್ಮಕ್ಕಳು ಬರೇ ಮೈಲೆ ಅಡ್ಡಾಡೂದಿಲ್ಲ, ಕೂಡಪಾ," ಎಂದು ಎಲ್ಲರನ್ನೂ ನಗಿಸಿ ಒಪ್ಪಿಸಿದ. ಅಂದಾನಪ್ಪ ಮತ್ತು ನಾನು ಕೈ ಮುಗಿದೆವು. ನಮಗೂ ಅದೇ ಸರಿ ಅನ್ನಿಸಿತ್ತು.

ಮರುದಿನ ಹೊತ್ತು ಹುಟ್ಟಿದಾಗ ಓಣಿಯಲ್ಲಿ ಗುಬ್ಬಿಯ ಸದ್ದು ಕೇಳಿತು. ಜನ ಮೆಲ್ಲಗೆ ನಡೆದರು, ಮೆಲ್ಲಗೆ ಮಾತಾಡಿದರು. ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು ನಮ್ಮ ಮನೆಯ ಕಡೆ ನೋಡಿ ಒಳಗೆ ಹೋದರು. ಹುಚ್ಚಪ್ಪನ ಹೆಂಡತಿ ಗೌರವ್ವ, ಕಸ್ತೂರಿಗೆ ಯಾಕೆ ತ್ರಾಸು ಎಂದು ಬುಟ್ಟಿಯಲ್ಲಿ ರೊಟ್ಟಿ, ಝುಣಕ ತಂದಿಟ್ಟು, ಸುಗಂಧಾಳ ತಲೆ ಸವರಿ ಹೋದಳು. ಸಂಜೆಗೆ ಮತ್ತೊಂದು ಮನೆಯಿಂದ ಅನ್ನ ಸಾರು ಬಂತು. ಎಂಟೂ ದಿನ ಹಾಗೆಯೇ. ನನಗೆ ನಿದ್ದೆ ಹತ್ತಲಿಲ್ಲ. ವಯಸ್ಸಾಯಿತಲ್ಲ, ಅದಕ್ಕೆ ಎಂದುಕೊಂಡೆ. ಅಂದಾನಪ್ಪನಿಗೂ ಹತ್ತಲಿಲ್ಲವಂತೆ. ಸುಗಂಧಾ ಮಾತು ಬಿಟ್ಟಿದ್ದಳು. ಮನಸ್ಸು ಶಾಂತವಾಗುತ್ತಿದೆ ಎಂದು ನಾವು ಸಮಾಧಾನಪಟ್ಟೆವು.

ಎರಡನೇ ಸಲದ ಹಳದಿ ಮೊದಲಿಗಿಂತ ಗಾಢವಾಗಿತ್ತು, ಹೆಚ್ಚುಕಡಿಮೆ ಕಿತ್ತಳೆ. ಬಾಕಿನ ಮೇಲಿದ್ದ ಬೀರಪ್ಪನ ಮಗಳಿಗೂ ಹಳದಿಯೇ. "ನಿಮ್ಮದೂ ಆಗಲಿಲ್ಲೇನ್ರಿ?" ಎಂದ ಬೀರಪ್ಪ. ಇಲ್ಲ ಎಂದೆ. ಅವನು ಚೀಲ ತೆಗೆದು ಎಲೆ ಅಡಿಕೆ ಕೊಟ್ಟ. ಇಬ್ಬರೂ ಅಗಿಯುತ್ತ ಕೂತೆವು.

ಡಾಕ್ಟರ್ ಹೊಸಮನಿಯವರು ನಮ್ಮನ್ನು ಕರೆದರು. ಇನ್ನೊಂದೇ ಸಲ ಉಳಿದಿದೆ, ಕೊಯ್ಯುವ ದಿನ ಮಹಾಲಯ ಅಮಾವಾಸ್ಯೆಗೆ ಗೊತ್ತಾಗಿದೆ, ಅದಕ್ಕೆ ಮೂರು ವಾರ ಮುಂಚೆ ರಕ್ತ ಆಗದಿದ್ದರೆ ತಾವು ಚಾಕು ಹಿಡಿಯುವಂತಿಲ್ಲ ಎಂದರು. ಹುಡುಗಿಯ ಮುಂದೆ ಹೇಳಲಿಲ್ಲ, ಅವಳು ಹೊರಗೆ ಹೋದ ಮೇಲೆ ಪುಪ್ಪುಸದ ಹೊಸ ಚಿತ್ರ ತೋರಿಸಿದರು. ವರ್ಷದ ನಂತರ ಕರೆದುಕೊಂಡು ಬಂದರೆ ಮಾಡಲು ಏನೂ ಉಳಿದಿರುವುದಿಲ್ಲ ಎಂದು ಅವರ ಮುಖವೇ ಹೇಳಿತು.

ಮನೆಗೆ ಬಂದಾಗ ಮಧ್ಯಾಹ್ನ. ಓಣಿಯ ಜನ ಇನ್ನೂ ಮಗ್ಗ ಹಚ್ಚಿರಲಿಲ್ಲ, ನಾವು ಏನು ಸುದ್ದಿ ತರುತ್ತೇವೋ ಎಂದು ಕಾದಿದ್ದರು. ನಾನು ಪಡಸಾಲೆಯಲ್ಲಿ ಕೂತೆ. ಸುಗಂಧಾ ಬಂದು ನನ್ನ ಮಗ್ಗುಲಿಗೆ ಕೂತಳು. ಬೆನ್ನು ಬಾಗಿದ್ದರಿಂದ ಅವಳ ಭಾರವೆಲ್ಲ ನನ್ನ ತೋಳಿನ ಮೇಲೆ ಬಂತು.

"ಮುತ್ಯಾ, ಒಂದು ಕೇಳ್ತೀನಿ, ಖರೆ ಹೇಳು. ನಾ ಸಾಯಾಕ್ಹತ್ತೀನೇನು?"

ಯಾರಂದರು ಹಾಗೆ ಎಂದು ಕೇಳಿದೆ.

"ಯಾರೂ ಅಂದಿಲ್ಲ. ಮಗ್ಗ ನಿಂತಾವಲ್ಲ. ಎಲ್ಲಾರೂ ಮನಿಗೆ ರೊಟ್ಟಿ ತಂದು ಕೊಡ್ತಾರ. ಗೌರವ್ವಾಯಿ ನನ್ನ ತಲಿ ಸವರಿ ಅತ್ತು ಹೋದ್ಲು."

ಕೇಳಿದ ಕೂಡಲೇ ನನಗೆ ಹೊಳೆಯಿತು. ನಮ್ಮ ಓಣಿಯಲ್ಲಿ ಮಗ್ಗ ನಿಲ್ಲುವುದು ಎರಡಕ್ಕೆ. ಅಮಾವಾಸ್ಯೆಗೆ ನಿಲ್ಲುತ್ತವೆ, ಆದರೆ ಅವತ್ತು ಪೂಜೆ, ಹೋಳಿಗೆ, ಹುಡುಗರ ಗದ್ದಲ, ಮಗ್ಗದ ಸದ್ದಿಗಿಂತ ಹೆಚ್ಚು ಸದ್ದು. ಕೆಲಸದ ದಿನ ಮಗ್ಗ ನಿಂತು, ಜನ ಪಿಸುಮಾತಾಡುತ್ತ ಬಾಗಿಲಲ್ಲಿ ನಿಂತರೆ, ಒಂದು ಮನೆಗೆ ಬೇರೆ ಮನೆಗಳಿಂದ ಬೇಯಿಸಿದ ಅನ್ನ ಹೋದರೆ, ಆ ಮನೆಯಲ್ಲಿ ಹೆಣ ಇದೆ ಎಂದೇ ಅರ್ಥ. ನನ್ನ ಹೆಂಡತಿ ಹೋದಾಗ ಹಾಗೆ ನಿಂತಿದ್ದವು, ಸಂಗಪ್ಪ ಹೋದಾಗ ನಿಂತಿದ್ದವು. ಹುಟ್ಟಿದ ಕೂಸನ್ನು ಈ ಓಣಿಯಲ್ಲಿ ಮಗ್ಗದ ಕಾಲಿಗೆ ಜೋಳಿಗೆ ಕಟ್ಟಿ ಮಲಗಿಸುತ್ತಾರೆ. ಸದ್ದು ನಿಂತರೆ ಕೂಸು ಎಚ್ಚರಾಗಿ ಅಳುತ್ತದೆ. ಇಷ್ಟೆಲ್ಲ ಗೊತ್ತಿದ್ದ ನಾವು ಮೂವತ್ತು ಮನೆಯವರು, ಪ್ರೀತಿಯಿಂದಲೇ, ಆ ಹುಡುಗಿಯನ್ನು ಎಂಟು ದಿನ ಅವಳ ಸಾವಿನ ಮನೆಯಲ್ಲಿ ಕೂಡಿಸಿದ್ದೆವು. ಆಸ್ಪತ್ರೆಯವರ ಆ ಸದ್ದಿಲ್ಲದ ಕೋಣೆಯಾದರೂ ಇನ್ನೇನು?

ನಾನು ಎದ್ದು ಹುಚ್ಚಪ್ಪನ ಮನೆಗೆ ಹೋಗಿ ಹೇಳಿದೆ. ಅವನು ಹಣೆ ಚಚ್ಚಿಕೊಂಡು ಒಳಗೆ ಹೋಗಿ ಮಗ್ಗದ ಗುಂಡಿ ಒತ್ತಿದ. ಅವನದು ಕೇಳಿ ಮುಂದಿನ ಮನೆಯವರು, ಅವರದು ಕೇಳಿ ಮುಂದಿನವರು. ಹೊತ್ತು ಮುಳುಗುವುದರೊಳಗೆ ಇಡೀ ಓಣಿ ಖಟಕ್ ಪಟಕ್ ಅನ್ನುತ್ತಿತ್ತು. ಸುಗಂಧಾ ಪಡಸಾಲೆಯಲ್ಲಿ ಒರಗಿದಲ್ಲೇ ನಿದ್ದೆ ಹೋದಳು, ಮರುದಿನ ನೀರು ಬರುವ ಹೊತ್ತಿಗೇ ಎದ್ದಳು. ಎದ್ದು ಹಲ್ಲುಜ್ಜುವಾಗ ಅವಳ ಪಟ್ಟಿ, ಶಾಬಾಸ್, ನೀವು ಸಿದ್ಧರಾಗುತ್ತಿದ್ದೀರಿ ಎಂದಿತು. "ಬಾಯಿ ಮುಚ್ಚು," ಎಂದಳು ಅವಳು ಅದಕ್ಕೆ. ಎರಡು ತಿಂಗಳಲ್ಲಿ ಮೊದಲ ಸಲ ನಾವೆಲ್ಲ ನಕ್ಕೆವು.

ಮೂರನೇ ಪಾಳಿ ಐದು ದಿನದ ಗಣಪತಿಯನ್ನು ಕಳಿಸಿದ ಮರುದಿನ ಬಂತು. ನಾನು ಮುಂಚೆಯೇ ಹೊಸಮನಿಯವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಆ ಕೋಣೆಯಲ್ಲಿ ನಮ್ಮ ಮಗ್ಗದ ಸದ್ದು ಹಚ್ಚಿರಿ, ಅಂದಾನಪ್ಪ ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದಾನೆ, ಅಷ್ಟು ಸಾಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ನಮ್ಮ ಸಲುವಾಗಿ ಅವರಿಗೆ ನೋವಿತ್ತು, ಸುಳ್ಳು ಹೇಳುವುದಿಲ್ಲ. ಕೋಣೆಯೊಳಗೆ ಸದ್ದು ಬಿಡುವಂತಿಲ್ಲ, ಫೋನು ಒಯ್ಯುವಂತಿಲ್ಲ, ಯಂತ್ರಕ್ಕೆ ಲೆಕ್ಕ ಕಲಿಸಿದ್ದೇ ಆ ಥರದ ಕೋಣೆಯಲ್ಲಿ ಎಂದರು. ಯಾರ ರಕ್ತ ನೋಡಿ ಕಲಿಸಿದರು ಎಂದು ಕೇಳಿದೆ. ದೊಡ್ಡ ಊರಿನ ಸಾವಿರಾರು ಜನ ಎಂದರು.

"ಅವ್ರ ಮನ್ಯಾಗ ಮಗ್ಗ ಇದ್ದಿಲ್ಲೇನ್ರಿ?"

"ನನಗೂ ಗೊತ್ತದ ಅಜ್ಜಾ. ಗಣಿ ಊರಿನ ಮಕ್ಕಳು, ರೈಲು ಹಳಿ ಪಕ್ಕದ ಮಕ್ಕಳು, ಎಲ್ಲಾ ಹಳದಿನ. ಮೂರು ವರ್ಷದಿಂದ ಬರೀಲಿಕ್ಕೆ ಹತ್ತೀನಿ. ತಿದ್ದೂದು ನಮ್ಮ ಕೈಯಾಗಿಲ್ಲ."

ಗೊತ್ತಿಲ್ಲ ಎಂದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಗೊತ್ತಿತ್ತು. ಗೊತ್ತಿದ್ದೂ ಆ ಸಮಾಲೋಚಕನನ್ನು ಕಳಿಸಿ, ಮಗಳನ್ನು ಹೊಡೆಯುತ್ತೀರಾ ಎಂದು ಕೇಳಿಸಿದರು. ಗೊತ್ತಿದ್ದೂ ಗೋಡೆಯ ಮೇಲೆ ದಾನಿ ಸಿದ್ಧರಿಲ್ಲ ಎಂದು ಬರೆದರು. ಸಿದ್ಧವಿಲ್ಲದ್ದು ಯಂತ್ರ ಎಂದು ಒಂದು ಸಲವಾದರೂ ಯಾಕೆ ಬರೆಯಲಿಲ್ಲ? ಇದನ್ನು ನಾನು ಬಾಯಿಬಿಟ್ಟು ಕೇಳಲಿಲ್ಲ. ಅವರದು ಚಾಕು ಹಿಡಿಯಬೇಕಾದ ಕೈ.

ಈ ಸಲ ಅವಳ ಜೊತೆ ಒಳಗೆ ನಾನೊಬ್ಬನೇ ಹೋದೆ. ಎರಡು ಬಾಗಿಲು ಹಿಂದೆ ಮುಚ್ಚಿದವು. ಸುಗಂಧಾ ಮಂಚದ ಮೇಲೆ ಮಲಗಿದಳು. ಆ ಸದ್ದಿಲ್ಲದಿರುವಿಕೆ ಬಂದು ಎದೆಯ ಮೇಲೆ ಕೂತಿತು. ಅವಳ ಮುಖ ಬಿಳುಪಾಗುವುದು ಕಣ್ಣಿಗೆ ಕಂಡಿತು. ಶಬಾನಾ ಸೂಜಿ ತಯಾರು ಮಾಡುತ್ತಿದ್ದಳು. ಆಗ ಸುಗಂಧಾ ಹಿಮ್ಮಡಿಯಿಂದ ಮಂಚದ ಕಬ್ಬಿಣದ ಪಟ್ಟಿಗೆ ಬಡಿಯತೊಡಗಿದಳು. ಖಟಕ್ ಪಟಕ್. ಖಟಕ್ ಪಟಕ್.

ಮೈ ಅಲುಗಬಾರದು ತಂಗಿ ಎಂದಳು ಶಬಾನಾ.

"ಹಂಗಾರ ಮುತ್ಯಾ, ನೀ ಬಡಿ."

ನಾನು ಬೆರಳ ಗಂಟಿನಿಂದ ಮಂಚದ ಕಾಲಿಗೆ ಬಡಿದೆ. ಅರವತ್ತು ವರ್ಷ ಆ ತಾಳ ನನ್ನ ಕೈಕಾಲಲ್ಲೇ ಇತ್ತು, ಎಣಿಸಬೇಕಾಗಲಿಲ್ಲ. ಲಾಳಿ ಆ ಕಡೆ ಹೋಗುವುದು, ಈ ಕಡೆ ಬರುವುದು, ಹಲಗೆ ಬಡಿಯುವುದು. ಶಬಾನಾ ನನ್ನ ಕಡೆ ತಿರುಗಿ, ಅಜ್ಜಾ ನಿಯಮ ಇಲ್ಲ, ನಿಲ್ಲಿಸ್ರಿ ಎಂದಳು. ನಾನು ನಿಲ್ಲಿಸಲಿಲ್ಲ. ಮತ್ತೊಮ್ಮೆ ಹೇಳಿದಳು. ನಾನು ಅವಳ ಮುಖ ನೋಡುತ್ತಲೇ ಬಡಿಯುತ್ತಿದ್ದೆ. ಗಂಟೆ ಒತ್ತಿ ಕಾವಲುಗಾರನನ್ನು ಕರೆಯಬಹುದಿತ್ತು. ಗಂಟೆ ಅವಳ ಕೈಯ ಹತ್ತಿರವೇ ಇತ್ತು. ಅವಳು ಗಂಟೆ ನೋಡಿದಳು, ಸುಗಂಧಾಳನ್ನು ನೋಡಿದಳು. ಸುಗಂಧಾ ಕಣ್ಣು ಮುಚ್ಚಿದ್ದಳು. ತುಟಿಗೆ ಬಣ್ಣ ಬರುತ್ತಿತ್ತು. ಶಬಾನಾ ಸುಮ್ಮನೆ ಬೆರಳು ಚುಚ್ಚಿ ಹನಿ ತೆಗೆದಳು.

ಹಸಿರು ಹತ್ತಿತು. ಚೀಲ ತುಂಬುವವರೆಗೂ ನಾನು ಬಡಿಯುವುದು ಬಿಡಲಿಲ್ಲ. ಬೆರಳ ಗಂಟು ಸುಲಿದದ್ದು ಹೊರಗೆ ಬಂದ ಮೇಲೆ ಕಸ್ತೂರಿ ತೋರಿಸಿದಾಗಲೇ ಗೊತ್ತಾಯಿತು. ಗೋಡೆಯ ಅಕ್ಷರ ಮಾತ್ರ ಹೀಗಿತ್ತು: ಸಮಾಲೋಚನೆಯಿಂದ ದಾನಿ ಸಿದ್ಧರಾಗಿದ್ದಾರೆ.

ತೊಟ್ಟಿಲು ಮೂರು ವಾರ ತೂಗಿತು. ರಕ್ತ ಗಂಟುಗಟ್ಟಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಕೊಯ್ದರು. ಅಮಾವಾಸ್ಯೆಗೆ ಮಗ್ಗ ಮುಟ್ಟುವುದು ನಮ್ಮ ಹಿರಿಯರ ಕಾಲದಿಂದಲೂ ಇಲ್ಲ. ಅವತ್ತು ಹುಚ್ಚಪ್ಪ ದೇವಿಯ ಮುಂದೆ ಕಾಯಿ ಒಡೆದು, ತಪ್ಪಾತು ತಾಯಿ, ಇದೊಂದು ದಿನ ಎಂದು ಹೇಳಿ ಬಂದು ಮಗ್ಗ ಹಚ್ಚಿದನಂತೆ. ಇಡೀ ಓಣಿ ಹಚ್ಚಿತಂತೆ. ಅಲ್ಲಿ ಮಲಗಿದವಳಿಗೆ ಮದ್ದಿನ ನಿದ್ದೆಯಲ್ಲಿ ಏನು ಕೇಳಿಸುತ್ತದೆ, ಹುಚ್ಚು ಜನ. ಆದರೂ ಅದನ್ನು ಫೋನಿನಲ್ಲಿ ಕೇಳಿದಾಗ ಅಂದಾನಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಇಳಿಹೊತ್ತಿಗೆ ಹೊಸಮನಿಯವರು ಹೊರಗೆ ಬಂದು, ಮೂರು ಚೀಲ ಬೇಕಾಯಿತು, ಬೆನ್ನು ನೆಟ್ಟಗಾಯಿತು ಎಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಸುತ್ತಿರಲಿಲ್ಲ.

ಸುಗಂಧಾ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡತೊಡಗಿದ ವಾರದಲ್ಲಿ ಬೀರಪ್ಪ ಮಗಳನ್ನು ಕರೆದುಕೊಂಡು ಮೂರನೇ ಪಾಳಿಗೆ ಬಂದ. ಶನಿವಾರ. ನಾನು ಅವನಿಗೆ ಎಲ್ಲ ಹೇಳಿದೆ. ಅವನು ಗಮನವಿಟ್ಟು ಕೇಳಿದ. ಅವನ ಮಗಳು ಹುಟ್ಟಿದ್ದು ಹೊಲದಲ್ಲಿ, ಬೆಳೆದದ್ದು ಕುರಿಯ ಹಿಂದೆ. ಗೋಡೆಯ ನಡುವೆ ಮಲಗಿದವಳಲ್ಲ. ಮೈಗೆ ಕುರಿ ಒತ್ತಿಕೊಂಡಿರಬೇಕು, ಮೇಲೆ ಬಯಲಿರಬೇಕು, ನಾಯಿ ಆಗಾಗ ಗುರ್ ಅನ್ನಬೇಕು, ಆವಾಗ ಅವಳಿಗೆ ನಿದ್ದೆ.

"ನಿಮ್ಮದು ಸದ್ದು ಅಜ್ಜಾರ, ಬಡದ್ರಿ, ಬಂತು. ನಮ್ಮದು ಹೆಂಗ್ ಬಡೀಲಿ? ಕುರಿ ಒಳಗ ಬಿಡ್ತಾರೇನು?" ಎಂದ. ನಗಿಸಲು ಹೇಳಿದ ಮಾತು. ನಗು ಬರಲಿಲ್ಲ.

ಹೊರಗಿನ ಬೇವಿನ ಗಿಡದ ಕೆಳಗೆ ಹನಿ ತೆಗೆಯಿರಿ ಎಂದು ಅವನು ಶಬಾನಾಳನ್ನು ಬೇಡಿಕೊಂಡ. ಯಂತ್ರ ಅಲ್ಲಿಗೆ ಬರುವುದಿಲ್ಲ, ಹನಿ ಇಲ್ಲಿಗೆ ಬರುವುದರೊಳಗೆ ಕೆಡುತ್ತದೆ ಎಂದಳು ಅವಳು. ಕಂಬಳಿಯಾದರೂ ಹಾಸುತ್ತೇನೆ ಎಂದ. ಹೊರಗಿನ ಅರಿವೆಗೆ ನಿಯಮ ಇಲ್ಲ. ಶಬಾನಾ ಮುಖ ಆ ಕಡೆ ತಿರುಗಿಸಿ, ಹಾಸಲು ಬಿಟ್ಟಳು. ಸುಗಂಧಾ ಗೋಡೆ ಹಿಡಿದುಕೊಂಡು ಬಂದು ಎರಡನೇ ಬಾಗಿಲವರೆಗೂ ಹೋಗಿ, ಮಾಳವ್ವನ ಕೈ ಹಿಡಿದು ಬಿಟ್ಟಳು. ಬೀರಪ್ಪ ಒಳಗೆ ಕೂತು ಕುರಿ ಕರೆಯುವ ದನಿಯನ್ನು ಮೆಲ್ಲಗೆ ತೆಗೆದನಂತೆ, ನಾಲಿಗೆ ಲೊಚಗುಟ್ಟಿಸಿದನಂತೆ. ಮೆತ್ತೆಯ ಗೋಡೆ ಅದನ್ನೆಲ್ಲ ನುಂಗಿತು. ನಾವು ಹೊರಗೆ, ಒಳಗಿನದೇ ಬಣ್ಣ ತೋರಿಸುವ ಬಾಗಿಲ ಮೇಲಿನ ದೀಪ ನೋಡುತ್ತ ನಿಂತಿದ್ದೆವು.

ಹಳದಿ.

ಬೀರಪ್ಪ ಹೊರಗೆ ಬಂದು ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡ. ವರ್ಷದ ನಂತರ ಬನ್ನಿ ಅಂದಿದ್ದಾರೆ, ಆವಾಗ ಕುರಿ ಹೊಳೆದಂಡೆಯ ಕಡೆ ಇರುತ್ತವೆ, ನೋಡೋಣ ಎಂದ. ಸಿಟ್ಟು ಮಾಡಲಿಲ್ಲ. ಸಮಾಲೋಚಕ ಬಂದು, ಮನೆಯಲ್ಲಿ ಜಗಳ ಆಗುತ್ತದೆಯೇ ಎಂದು ಕೇಳಿದಾಗಲೂ ಮಾಡಲಿಲ್ಲ, ಮನಿ ಇಲ್ಲರಿ ಸಾಹೇಬರ ಎಂದಷ್ಟೇ ಹೇಳಿದ. ಮಾಳವ್ವ ಸುಗಂಧಾಳ ಬೆನ್ನು ಮುಟ್ಟಿ ನೋಡಿ, "ನೆಟ್ಟ ಆಗ್ಯಾದ ಬಿಡ," ಎಂದಳು. ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂತು.

ನಮ್ಮನ್ನು ಬುಧವಾರ ಮನೆಗೆ ಕಳಿಸಿದರು. ಸುಗಂಧಾ ಓಣಿಯಲ್ಲಿ ನಡೆದುಕೊಂಡೇ ಬಂದಳು, ಮಗ್ಗಗಳು ನಡೆಯುತ್ತಿದ್ದವು. ಮಾಳವ್ವ ಮತ್ತು ಅವಳಪ್ಪ ಅದಕ್ಕಿಂತ ಮೊದಲೇ, ಐತವಾರ ಮುಂಜಾನೆ, ರಾತ್ರಿ ಮಲಗಿದ್ದ ಬೇವಿನ ಗಿಡದ ಕೆಳಗಿಂದ ಎದ್ದು ಹೋಗಿದ್ದರು.